ಹಿಂದಿನ ಕನ್ನಡಿ

ಚಿಂತಾಮಣಿಯ ಜೋಡಿರಸ್ತೆಯಿಂದ ಒಳಗೆ ತಿರುಗಿದರೆ
ಮೂರನೇ ಅಂಗಡಿ ನನ್ನದು. ತಿರುಗಿದರೆ ಅಂದೆ;
ನಾನು ತಿರುಗಬೇಕಾದರೆ ಈಗ
ಪಾದದಿಂದ ಶುರುಮಾಡಬೇಕು,
ಆಮೇಲೆ ಸೊಂಟ, ಆಮೇಲೆ ಹೆಗಲು,
ಸಂದಿಯಲ್ಲಿ ಲಾರಿ ತಿರುಗಿಸಿದ ಹಾಗೆ ಇಡೀ ಆಳನ್ನೇ.

ಮೂವತ್ತೊಂದು ವರ್ಷ ಈ ಊರಿನ ಕತ್ತುಗಳನ್ನು
ಎರಡು ಬೆರಳಲ್ಲಿ ಬಗ್ಗಿಸಿದ್ದೇನೆ.
ಸಬ್ ಇನ್ಸ್‌ಪೆಕ್ಟರದೂ ಬಗ್ಗಿತು, ಸೊಸೈಟಿ ಅಧ್ಯಕ್ಷರದೂ.
"ಸ್ವಲ್ಪ ಕೆಳಗೆ ಸಾಮಿ" ಅಂದರೆ ಸಾಕು,
ಎಂಥ ಸೆಟೆದ ಕತ್ತೂ ಮಗುವಿನದಾಗುತ್ತಿತ್ತು.
ಅವರನ್ನು ಬಗ್ಗಿಸಲು ನಾನೂ ಬಗ್ಗಿದ್ದೆನಲ್ಲ,
ಆ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಆಚೆ ವರ್ಷ ಕಾರ್ತಿಕದಲ್ಲಿ
ಗಂಟಲ ಮುಂದಿನಿಂದ ಸೀಳಿ
ಐದನೆಯದಕ್ಕೂ ಆರನೆಯದಕ್ಕೂ ನಡುವೆ
ನನ್ನದೇ ಸೊಂಟದ ಮೂಳೆಯ ಚೂರು ಇಟ್ಟರು,
ಮೇಲೊಂದು ತಗಡು, ನಾಲ್ಕು ಸ್ಕ್ರೂ.
ಆರು ತಿಂಗಳಲ್ಲಿ ಕೂಡುತ್ತೆ ಅಂದರು.
ಪಟ್ಟಿ ಕಟ್ಟಿಕೊಂಡು ಬಸುರಿಯ ಹಾಗೆ ದಿನ ಎಣಿಸಿದೆ.

ಇಪ್ಪತ್ತು ತಿಂಗಳಾಯಿತು.
ಕೋಲಾರದ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು
ಪೆನ್ನಿನ ತುದಿಯಲ್ಲಿ ತೋರಿಸಿದರು:
ಇಗೋ ಕಪ್ಪು ಗೆರೆ, ಕೂದಲೆಳೆಯಷ್ಟು.
ಕೂಡಿಲ್ಲ. ಕೆಳಗಿನ ಸ್ಕ್ರೂ ಮುರಿದಿದೆ.
ಕೂದಲೆಳೆ ಅಂದರೆ ನನಗೆ ಗೊತ್ತು ಸಾರ್,
ಅದರಿಂದಲೇ ಹೊಟ್ಟೆ ಹೊರೆದವನು.

"ಬೀಡಿ ಸೇದುತ್ತಿದ್ದೆಯಾ?"
ಇಲ್ಲ ಅಂದೆ.
ಪಕ್ಕದಲ್ಲಿ ಅಕ್ಕಯಮ್ಮ ನೆಲ ನೋಡಿದಳು.
ಅಂಗಡಿ ಹಿಂದೆ, ನೀರಿನ ಡ್ರಮ್ಮಿನ ಮರೆಯಲ್ಲಿ,
ಪಟ್ಟಿ ಕಟ್ಟಿದ ಕತ್ತನ್ನು ಆಕಾಶಕ್ಕೆ ನೆಟ್ಟು
ಎಳೆದ ಒಂದೊಂದು ದಮ್ಮೂ
ಆ ಕಪ್ಪು ಗೆರೆಯಲ್ಲಿ ಮಲಗಿದೆಯೋ ಏನೋ.
ಸೇದದವರದೂ ಕೂಡದೆ ಉಳಿದದ್ದುಂಟಂತೆ.
ಅದು ಸಮಾಧಾನವೋ ಅಲ್ಲವೋ.

ಈಗ ಹಿಂದಿನಿಂದ ಹೋಗಬೇಕಂತೆ.
ಕಂಬಿ, ಹೊಸ ಸ್ಕ್ರೂ,
ಸೊಂಟದ ಇನ್ನೊಂದು ಕಡೆಯಿಂದ ಇನ್ನೊಂದು ಚೂರು.
ನೂರಕ್ಕೆ ಎಂಬತ್ತು ಕೂಡಬಹುದು ಅಂದರು.
ನೋವು ಹೋಗುತ್ತಾ ಅಂತ ಕೇಳಿದ್ದಕ್ಕೆ
ಪೆನ್ನಿಗೆ ಮುಚ್ಚಳ ಹಾಕಿದರು:
"ಅದು ಬೇರೆ ಲೆಕ್ಕ."

ಹೆಬ್ಬೆರಳಿಗೂ ತೋರುಬೆರಳಿಗೂ ಜೋಮು.
ಯುಗಾದಿಯ ಹಿಂದಿನ ದಿನ ಕತ್ತರಿ ಜಾರಿ
ವೆಂಕಟರೋಣಪ್ಪ ಮೇಷ್ಟ್ರ ಮಡಿಲಿಗೆ ಬಿತ್ತು.
ಅವರು ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು.
ಅಂದಿನಿಂದ ರೇಜರು ಗಂಗುಲಪ್ಪನ ಕೈಲಿ;
ನಾನು ಬಟ್ಟೆ ಕೊಡವುತ್ತೇನೆ, ಚಿಲ್ಲರೆ ಎಣಿಸುತ್ತೇನೆ.

ಬಂದವರೆಲ್ಲ ಡಾಕ್ಟರೇ.
ಕೈವಾರದ ಕಡೆ ಎಣ್ಣೆ ಹಾಕುವವನಿದ್ದಾನೆ ಅಂತ ಒಬ್ಬ.
ಮುಟ್ಟಿಸಬೇಡ, ನಮ್ಮ ಷಡ್ಡಕ ಎರಡನೇ ಸಲ ಮಾಡಿಸಿ
ಕೈ ಎತ್ತಲಾರ ಅಂತ ಒಬ್ಬ.
ಮಾಡಿಸು, ನನ್ನತ್ತೆ ಈಗ ಹುಲ್ಲುಹೊರೆ ಹೊರುತ್ತಾಳೆ ಅಂತ ಅವನ ಪಕ್ಕದವನು.
ಎಲ್ಲರಿಗೂ ತಲೆಯಾಡಿಸುತ್ತೇನೆ,
ಆಡಿಸಿದೆ ಅಂದುಕೊಳ್ಳುತ್ತೇನೆ;
ಆಡುವುದು ಕಣ್ಣು ಮಾತ್ರ.

ನಿನ್ನೆ ಮಂಗಳವಾರ, ಅಂಗಡಿಗೆ ರಜ.
ಶಟರು ಅರ್ಧ ಎಳೆದು ಗಂಗುಲಪ್ಪನಿಗೆ ಅಂದೆ:
ಹಿಂದೆ ಪೂರಾ ಬೋಳಿಸು,
ಆಪರೇಷನ್ನಿಗೆ ಬೋಳಿಸುತ್ತಾರಲ್ಲ, ಹಾಗೆ.
"ಡೇಟು ಕೊಟ್ಟರಾ ಮಾವ?"
ಇಲ್ಲ. ನೋಡಬೇಕು.
ನೆತ್ತಿಗೆ ಬೆರಳಿಟ್ಟವನು ಅಭ್ಯಾಸದಲ್ಲಿ
"ಸ್ವಲ್ಪ ಕೆಳಗೆ" ಅಂದ.
ಅಂದವನೇ ನಾಲಿಗೆ ಕಚ್ಚಿಕೊಂಡು
ತಾನೇ ಮೊಣಕಾಲೂರಿ ಕೆಳಗಿಳಿದ.

ಮುಗಿಸಿ, ಕೈಗನ್ನಡಿ ಹಿಂದೆ ಹಿಡಿದ.
ಎಷ್ಟು ಸಾವಿರ ಜನಕ್ಕೆ ಹಿಡಿದಿದ್ದೇನೋ ಈ ಕನ್ನಡಿ!
ಎಲ್ಲರೂ ಹ್ಞೂಂ ಅನ್ನುತ್ತಾರೆ, ಯಾರೂ ನೋಡುವುದಿಲ್ಲ.
ನಾನು ನೋಡಿದೆ.
ಬಿಸಿಲು ಕಾಣದ ತೊಗಲು, ಎರಡು ಮಡಿಕೆ,
ಎಡಕ್ಕೊಂದು ಮಚ್ಚೆ.
ಐವತ್ತೆರಡು ವರ್ಷ ನನ್ನ ಬೆನ್ನಿಗಿದ್ದದ್ದು,
ಗುರುತೇ ಸಿಕ್ಕಲಿಲ್ಲ.
ಅಕ್ಕಯಮ್ಮನಿಗೆ ಗೊತ್ತಿರಬೇಕು, ಕೇಳಬೇಕು.

"ಸರಿಯಾ ಮಾವ?"
ಹಾಗೇ ಹಿಡಿದಿರು ಅಂದೆ.
ಅವನು ಹಿಡಿದೇ ಇದ್ದ.
ಹೊರಗೆ ಯಾರೋ ಶಟರು ತಟ್ಟಿ
"ಇವತ್ತು ಮಾಡ್ತೀರಾ?" ಅಂದರು.
ಇಬ್ಬರೂ ಉತ್ತರ ಕೊಡಲಿಲ್ಲ.