ಬೆಟಗೇರಿ ಗೇಟಿನ ಕೆಂಪು ನಿಶಾನಿ

ಪ್ರಮೋದೂತ ಸಂವತ್ಸರ ಅಂದರು ಮಾಸ್ತರು,
ಸಂತೋಷದ ವರುಷ ಅಂತ.
ನನಗ ಹೆಸರಿನ ಲೆಕ್ಕ ತಿಳೀದು.
ಕಂದೀಲಿಗೆ ತಿಂಗಳಿಗಿಷ್ಟು ಎಣ್ಣಿ, ಇಷ್ಟು ಬತ್ತಿ,
ಒಂದು ಹಸಿರು ನಿಶಾನಿ, ಒಂದು ಕೆಂಪು,
ಹಗಲ ಎಂಟು ಗಾಡಿ, ರಾತ್ರಿ ಮೂರು:
ಗೇಟ್‌ಮನ್ ದಾವಲಸಾಬನ ಪಂಚಾಂಗ ಇಷ್ಟ.

ಈ ಕಡೆ ಗದಗ, ಹತ್ತಿ ಅಂಡಗಿ ಒತ್ತೋ ಗಿರಣಿ,
ಆ ಕಡೆ ಬೆಟಗೇರಿ, ಮಗ್ಗ.
ನಡುವ ನಾನು, ಎರಡೂ ಊರಿನ ಬೈಗಳ ತಿಂದು ನಿಂತಾಂವ.
ಹತ್ತಿ ನಮ್ಮದು, ಗಾಡಿ ಕಂಪನೀದು,
ಹೋಗೂದು ಮುಂಬೈಗೆ, ಅಲ್ಲಿಂದ ಹಡಗಕ್ಕ,
ತಿರುಗಿ ಬರೂದು ಧೋತರ ಆಗಿ.
ಇದನ್ನ ಯಾರೂ ಭಾಷಣ ಮಾಡಿ ಹೇಳಬೇಕಿರಲಿಲ್ಲ;
ಹೋಗೂದಕ್ಕೂ ಬರೂದಕ್ಕೂ
ಗೇಟು ಮುಚ್ಚಿದಾಂವ ನಾನ.

ಬ್ಯಾಸಗ್ಯಾಗ ಕಡಲ ಕಡಿಯಿಂದ ಉಪ್ಪು ಬಂತು.
ಹುಬ್ಬಳ್ಳಿ ಗಾಡಿ ಇಳಿದ ಹುಡುಗ, ಟೊಪಿಗಿಯೊಳಗ ಒಂದು ಪೊಟ್ಟಣ.
ಪೊಲೀಸ ಫಕ್ಕೀರಗೌಡ ಬಿಚ್ಚಿದ, ಬೆರಳು ಒತ್ತಿ ನೆಕ್ಕಿದ,
ಪುಸ್ತಕದಾಗ ಬರಕೊಂಡ: ಉಪ್ಪು.
ಹುಡುಗನ್ನ ಒಯ್ದರು. ಪೊಟ್ಟಣ ಅಲ್ಲೇ ಬಿದ್ದಿತ್ತು,
ನನ್ನ ಆಡು ಬಂದು ನೆಕ್ಕಿ ಹೋತು.
ಆಡಿನ ಮ್ಯಾಲೆ ಕೇಸಾಗಲಿಲ್ಲ.

ಆಷಾಢದಾಗ ಸಂಕವ್ವ ಬಂದ್ಲು,
ಮಗ್ಗದಾಕಿ, ಗಂಡ ಹಿಂಡಲಗಿ ಜೈಲಿನಾಗ.
ಹಿಂದ ಹತ್ತು ಮಂದಿ, ತಲಿ ಮ್ಯಾಲೆ ವಿಲಾಯತಿ ಅರಿವಿ ಗಂಟು.
"ಸಂಜಿಗೆ ಸುಡತೇವಿ. ನಿನ್ನ ಕೆಂಪು ನಿಶಾನೀನೂ ಕೊಡು,
ಅದೂ ಅವರ ಅರಿವಿ."
ಮೂಲಿ ತಿರುವಿ ನೋಡಿದೆ. ಖರೇ, ಹಡಗಿನ ಛಾಪು.
ಹನ್ನೊಂದು ವರ್ಷ ಕೈಯಾಗ ಹಿಡಿದು
ನೋಡಿರಲಿಲ್ಲ ನಾನು.
"ಸುಟ್ಟರ ಗಾಡಿ ಯಾತರಿಂದ ನಿಂದ್ರತೈತಿ?"
ತಟಗು ಸುಮ್ಮನಾದ್ಲು.
"ಇನ್ನೊಂದು ನೇದು ಕೊಡ್ತೀನಿ."

ನೇಯೂದು ಆಕಿ ಬಲ್ಲಾಕಿ. ಬಣ್ಣ?
ಬಣ್ಣಕ್ಕ ಇದ್ದಾಂವ ನೀಲಗಾರ ಮಾನಪ್ಪ,
ಮೂರು ತಲಿಯಿಂದ ನೀಲಿ ಬಿಟ್ಟು ಮತ್ತೊಂದು ಅರಿಯದ ಮನಿ,
ಮೊಣಕೈತನಕ ನೀಲಿ, ಉಗುರೊಳಗೂ ನೀಲಿ.
ಆ ಕೈಲೆ ಕೆಂಪು ಕುದಿಸಿದ.
ಎಂಟು ದಿನಕ್ಕ ಬಂತು, ಕಂಬಳಿಯಂಗ ಭಾರ,
ಒಂದು ಅಂಚಿನಾಗ ದಾರಿ ತಪ್ಪಿದ ನೀಲಿ ಎಳಿ.
ಹಳೇದನ್ನ ಬೂದಿ ಮಾಡಿದರು.
ಕೆಂಪು ಸುಟ್ಟರೂ ಬೂದಿ ಬೂದೀನ.

ಶ್ರಾವಣದ ಹೊಡತಕ್ಕ ಜಲ್ಲಿ ಕೊಚ್ಚಿಹೋತು,
ಹಳಿ ಬರೇ ಗಾಳ್ಯಾಗ, ಅರಿವಿ ಒಣಹಾಕೋ ಹಗ್ಗದಂಗ.
ಆ ಹೊತ್ತಿಗೇ ದೊಡ್ಡ ಸಾಹೇಬನ ಸ್ಪೆಷಲ್,
ಒಳಗ ಕುರ್ಚಿ, ಬರ್ಫು, ನಾಯಿ.
ಓಡಿದೆ. ಎತ್ತಿ ಹಿಡಿದೆ.
ಮಳಿ ಬಡೀತು, ಬಣ್ಣ ಬಿಡಾಕ ಹತ್ತಿತು,
ಮುಂಗೈ, ಮೊಣಕೈ, ಬಗಲು, ಇಳದು ಇಳದು
ನಿಶಾನಿ ಕೂಸಿನ ಅಂಗಾಲಿನ ಬಣ್ಣ ಆತು.
ಯಾ ಅಲ್ಲಾ, ಮಾನಪ್ಪನ ಮನಿ ಹಾಳಾಗಲಿ, ಅಂದೆ.
ಡ್ರೈವರ್ ಡಿಸೋಜಾ ಗಾಡಿ ನಿಂದ್ರಿಸಿದ್ದು
ಅರಿವಿ ನೋಡಿ ಅಲ್ಲಂತ, ನನ್ನ ತೋಳು ನೋಡಿ.
ರಕ್ತ ಅಂದಕೊಂಡನಂತ.

ಚೌಕಶಿ ಹುಬ್ಬಳ್ಳ್ಯಾಗ. ಮೂರು ಮಂದಿ, ಒಂದು ಮೇಜು,
ಮೇಜಿನ ಮ್ಯಾಲೆ ಒಣಗಿ ಸೆಟೆದ ನಿಶಾನಿ.
ಹಳಿ ಹೆಂಗ ಹೋತು ಅಂತ ಕೇಳಲಿಲ್ಲ.
ಕಂಪನಿ ಅರಿವಿ ಎಲ್ಲಿ? ಇದನ್ನ ನೇದಾವರು ಯಾರು?
ಸಂತ್ಯಾಗ ಕೊಂಡೆ, ಅಂದೆ.
ಕೆಂಪು ನಿಶಾನಿ ಯಾ ಸಂತ್ಯಾಗ ಮಾರತಾರ?
ಶನಿವಾರದ್ದು, ಅಂದೆ.
ಇಬ್ಬರು ನಕ್ಕರು, ಒಬ್ಬ ಬರಕೊಂಡ.
ದಂಡ ಒಂದು ರೂಪಾಯಿ ನಾಲ್ಕಾಣೆ.
ಹೊಸ ನಿಶಾನಿ ಕೊಟ್ಟರು, ಹಡಗಿನ ಛಾಪಿಂದು.

ಫಾಲ್ಗುಣದಾಗ ಸಂಕವ್ವನ ಗಂಡನ್ನ ಬಿಟ್ಟರು.
ಸ್ಟೇಷನ್ ಕಡಿಯಿಂದ ನಡಕೊಂಡು ಬಂದ; ಗೇಟು ಮುಚ್ಚಿತ್ತು.
ಆಕಿ ಅತ್ತ, ಅಂವ ಇತ್ತ, ನಡುವ ಮಾಲ್‌ಗಾಡಿ.
ಡಬ್ಬಿ ಡಬ್ಬಿ ಸಂದ್ಯಾಗ
ಒಂದು ಸೆರಗು, ಒಂದು ಗಡ್ಡ, ಮತ್ತ ಸೆರಗು,
ತುಣುಕು ತುಣುಕು ನೋಡಿದರು ಒಬ್ಬರನ್ನೊಬ್ಬರು.
ನಲವತ್ತೆರಡು ಡಬ್ಬಿ. ಎಲ್ಲಾ ಹತ್ತಿ.
ನಾ ಹಸಿರು ಹಿಡಿದು ನಿಂತಿದ್ದೆ.
ಅದೂ ಅವರ ಅರಿವೀನ.
ಯಾಕೋ ಅದನ್ನ ಯಾರೂ ಕೇಳಿರಲಿಲ್ಲ.