ಕೊಟ್ಟ ಖಾಲಿ, ಕೊಡದ ಖಾಲಿ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಕೆಳಗೆ ಖುದ್ದೂಸ್ ಸಾಬರ ಲಗ್ನಪತ್ರಿಕೆ ಪ್ರೆಸ್ಸು,
ಮೇಲೆ ನಾನು, ಒಂದು ಫ್ಯಾನು, ಒಂದು ಲ್ಯಾಪ್‌ಟಾಪು.
ಇಬ್ಬರದೂ ಒಂದೇ ಕಸುಬು ಅನ್ನುತ್ತಾರೆ ಅವರು:
ಮಾದರಿ ಅದೇ, ಹೆಸರು ಮಾತ್ರ ಬೇರೆ.

ನಿಜವೇ. ನನ್ನ ಪುಟ್ಟ ಪ್ರೋಗ್ರಾಮಿಗೆ
ಹೆಸರು ಹೇಳಿ, ಏನು ಬೇಕು ಏನು ಬೇಡ ಹೇಳಿ
ಎಂಟರ್ ಒತ್ತಿದರೆ ಸಾಕು,
ಹೊಸ ಪ್ಯಾಕೇಜಿಗೆ ಗೋಡೆ, ಬಾಗಿಲು, ಹೊಸ್ತಿಲು,
'ಮೊದಲು ಇದನ್ನು ಓದಿ' ಎಂಬ ಕಡತ, ಲೈಸೆನ್ಸು,
ಬಾಗಿಲ ಮೇಲೆ ಬರೆದವರ ಹೆಸರು.
ಒಳಗೆ ಸಂಸಾರ ಹೂಡುವುದು ಅವರವರ ಪಾಡು.

ಮೊದಲ ದೂರು ಹೊಸನಗರದಿಂದ.
'ಜೇನು ಲೆಕ್ಕ' ಎಂದು ಕೊಟ್ಟರೆ
'ಜೇನು' ಎಂಬ ಫೋಲ್ಡರು ಕಟ್ಟಿ
'ಲೆಕ್ಕ' ಯಾರೋ ಗೊತ್ತಿಲ್ಲ ಎಂದಿತಂತೆ.
ಅವರು ಚಿಹ್ನೆಯೊಳಗೆ ಜೋಪಾನವಾಗಿ ಕಟ್ಟಿಯೇ ಕೊಟ್ಟಿದ್ದರು,
ಒಳಗೆ ಒಯ್ಯುವಾಗ ಗಂಟು ಬಿಚ್ಚಿ ಚೆಲ್ಲಿದವನು ನಾನು.
ಅದು ಸುಲಭ, ಚಹಾ ಆರುವ ಮೊದಲೇ ಮುಗಿಯಿತು.

ಎರಡನೆಯದು ವಿಚಿತ್ರ.
'ಟೆಸ್ಟ್ ಬೇಕೆ?' ಎಂದಲ್ಲಿ 'ಬೇಡ' ಎಂದು ಬರೆದರೂ
ಹನ್ನೆರಡು ಟೆಸ್ಟ್ ಕಡತ ಬಡಿಸುತ್ತದೆ.
ಬೇಡ ಎಂಬುದೂ ಒಂದು ಮಾತು,
ಮಾತಿದ್ದಲ್ಲೆಲ್ಲ ಹೌದು,
ಇಷ್ಟೇ ಅದರ ತರ್ಕ.
ಎಲೆಗೆ ಎರಡೂ ಕೈ ಅಡ್ಡ ಹಿಡಿದು
ಬೇಡ ಮಾರಾಯ ಬೇಡ ಎಂದರೂ
ಬೆರಳ ಸಂದಿಯಲ್ಲೇ ಪಾಯಸ ಹೊಯ್ಯುವ
ನಮ್ಮ ತಿಮ್ಮಣ್ಣ ಮಾವನ ಹಾಗೆ.
ಒಬ್ಬನೇ ನಕ್ಕು, ತಿದ್ದಿದೆ.

ಮೂರನೆಯದಕ್ಕೆ ನಗು ಬರಲಿಲ್ಲ.
ಭದ್ರಾವತಿ ಪೇಪರ್‌ಟೌನಿನ ಸುಗಂಧಿ,
ಗಾಜನೂರು ಅಣೆಕಟ್ಟೆಯ ನೀರಿನ ಮಟ್ಟ
ತಾಸಿಗೊಮ್ಮೆ ಗುರುತಿಡುವ ಪ್ಯಾಕೇಜು ಅವಳದು.
ನಾಲ್ಕೇ ಸಾಲು ಬರೆದಿದ್ದಳು:
'ನನಗಿರುವುದು ಒಂದೇ ಹೆಸರು.
ಮನೆಹೆಸರಿನ ಜಾಗ ಬೇಕೆಂದೇ ಖಾಲಿ ಕೊಟ್ಟೆ.
ನೀವು ಹೊನ್ನಾಳಿ ಎಂದು ಸೇರಿಸಿದ್ದೀರಿ.
ಹೊನ್ನಾಳಿ ಯಾರು?'

ಹೊನ್ನಾಳಿ ನಾನು.
ಐದು ವರ್ಷದ ಹಿಂದೊಂದು ರಾತ್ರಿ
ಯಾರೂ ಏನೂ ಕೊಡದಿದ್ದರೆ ಇದಿರಲಿ ಎಂದು
ನನ್ನದೇ ಮನೆಹೆಸರು ತುಂಬಿ
ಮರೆತುಬಿಟ್ಟಿದ್ದೆ.

ಕೆಳಗಿಳಿದು ಖುದ್ದೂಸ್ ಸಾಬರಿಗೆ ಹೇಳಿದೆ.
ಅವರು ಡ್ರಾಯರಿನಿಂದ ಹಳೆಯದೊಂದು ಪತ್ರಿಕೆ ತೆಗೆದರು.
ಮದುಮಗ ಶೇಷಪ್ಪ. ಒಳಪುಟದಲ್ಲಿ ಮಾತ್ರ
ಮಾದರಿಯ ಪರಶುರಾಮ ಹಾಗೇ ಉಳಿದಿದ್ದಾನೆ. ಮುನ್ನೂರು ಪ್ರತಿ.
'ಹೆಸರು ಕೊಡದೆ ಹೋದವರಿಗೆ ಫೋನು ಮಾಡಿ ಕೇಳಬೇಕು,
ಖಾಲಿ ಬಿಡಿ ಅಂದವರಿಗೆ ಖಾಲಿ ಬಿಡಬೇಕು.
ಕಾಗದದ ಮೇಲೆ ಎರಡೂ ಒಂದೇ ಥರ ಕಾಣ್ತದೆ, ಅದೇ ಕಷ್ಟ.'

ಹತ್ತಿ ಬಂದು ಒಂದೇ ಒಂದು ಸಾಲು ಬದಲಿಸಿದೆ.
'ಇದೆಯೋ?' ಎಂದು ಕೇಳುತ್ತಿದ್ದಲ್ಲಿ
'ಕೊಟ್ಟರೋ?' ಎಂದು ಕೇಳಿಸಿದೆ.
ಒಂದೇ ಹೆಸರು ಕೊಟ್ಟು ನೋಡಿದೆ,
ನಡುವೆ ಜಾಗವಿರುವುದು, ಅಡ್ಡಗೆರೆಯಿಂದ ಶುರುವಾಗುವುದು,
ಕೊನೆಗೆ ಖಾಲಿ, ಬರೀ ಖಾಲಿ.
ಬಾಗಿಲ ಮೇಲೆ ಸುಗಂಧಿ ಎಂದಷ್ಟೇ ಬಂತು,
ಪಕ್ಕದಲ್ಲಿ ಏನೂ ಇರಲಿಲ್ಲ.
ಆ ಏನೂ ಇಲ್ಲದ್ದನ್ನು ತುಸು ಹೊತ್ತು ನೋಡುತ್ತ ಕೂತೆ.

ಆದರೆ ಅಚ್ಚು ತಿದ್ದಿದರೆ
ಅಚ್ಚಾಗಿ ಹೋದದ್ದು ತಿದ್ದಿಕೊಳ್ಳುವುದಿಲ್ಲ.
ಹುಡುಕಿದೆ. ನಲವತ್ತೊಂದು ಪ್ಯಾಕೇಜು,
ನಾನು ಕಾಲೇ ಇಡದ ನಲವತ್ತೊಂದು ಮನೆಗಳಿಗೆ
ಹೊನ್ನಾಳಿ ಎಂಬ ಫಲಕ.

ಒಬ್ಬೊಬ್ಬರಿಗೂ ಬರೆಯುತ್ತಿದ್ದೇನೆ:
'ನಿಮ್ಮ ಬಾಗಿಲಲ್ಲಿ ನನ್ನ ಹೆಸರಿದೆ, ತಪ್ಪು ನನ್ನದು,
ದಯವಿಟ್ಟು ಅಳಿಸಿ.'
ಹದಿನೇಳು ಮುಗಿದವು.
ಹದಿನೆಂಟನೆಯವರು ಈಗಷ್ಟೇ ಉತ್ತರಿಸಿದ್ದಾರೆ,
ಸ್ವಲ್ಪ ಸಿಟ್ಟಿನಲ್ಲೇ:
'ಯಾಕೆ ಅಳಿಸಬೇಕು ಸ್ವಾಮಿ?
ನಾವೂ ಹೊನ್ನಾಳಿಯವರೇ.'