ವಾಯವ್ಯದ ಗೆಳೆಯ

ನಾಳೆ ಸಂಜೆ ಏಳರ ವಾರ್ತೆಯಲ್ಲಿ
ನಮ್ಮ ಸುದ್ದಿ ಬರುತ್ತದಂತೆ, ಒಂದೂವರೆ ನಿಮಿಷ,
ಫುಟ್‌ಬಾಲ್ ಆದಮೇಲೆ, ಹವಾಮಾನಕ್ಕೆ ಮುಂಚೆ.
ಓಸ್ಲೋದಿಂದ ಬಂದ ಹುಡುಗಿ ಮೈಕು ಹಿಡಿದು ಕೇಳಿದಳು:
"ನಿಮ್ಮ ಕಚೇರಿ ಎಲ್ಲಿ?"
ಟೂರ್ಲೈಫ್ ತನ್ನ ಅಡುಗೆಮನೆಯ ಮೇಜು ತೋರಿಸಿದ,
ಬ್ರೆಡ್ಡಿನ ಪುಡಿ ಒರೆಸುವುದನ್ನೂ ಮರೆತು.

ನಲವತ್ತಮೂರು ಜನ ನಾವು. ಮುಖ ಕಂಡವರು ಆರೇಳು.
ನಾನು ಬೂಡೋದ ಫೆರಿಯಲ್ಲಿ ಟಿಕೆಟ್ ನೋಡುವವನು.
ಹಗಲಿನ ಕೆಲಸ ಮುಗಿಸಿ, ನಾಲ್ಕು ವರ್ಷದಿಂದ,
ದೀಪಸ್ತಂಭ ಕಾದವರ ಹಳೆಯ ದಿನಚರಿಗಳನ್ನು
ಪರದೆಯ ಮೇಲೆ ಹಿಗ್ಗಿಸಿ, ಕಣ್ಣು ಕಿರಿದು ಮಾಡಿ,
ಒಂದೊಂದೇ ಸಾಲು ಟೈಪು ಮಾಡುತ್ತ ಬಂದಿದ್ದೇವೆ:
ಗಾಳಿ ವಾಯವ್ಯ. ಕಾವಳ. ಎಣ್ಣೆ ಎರಡು ಪೀಪಾಯಿ.
ಗಾಳಿ ವಾಯವ್ಯ. ಕಾವಳ. ಆಡು ಸತ್ತಿತು.

ಎಷ್ಟು ಜನ ಬಂದಾರು ನಾಳೆ?
ಇನ್ನೂರು ಅಂದ ಟೂರ್ಲೈಫ್.
ಎಂಟು ಸಾವಿರ ಅಂದಳು ಸುನ್ನೀವ. ಅಂದವಳೇ
ಸರ್ವರಿನ ಬುಡದಲ್ಲಿ ಕೂತಳು, ಹೆರಿಗೆಗೆ ಕಾದವಳ ಹಾಗೆ.

ನಮ್ಮ ಸೂಚನೆಗಳೇ ಹದಿನೇಳು ಪುಟ.
ಓದುವಷ್ಟರಲ್ಲಿ ಬಂದವರು ಮುದುಕರಾಗುತ್ತಾರೆ.
ಕಡಿದೆವು, ಜಗಳವಾಡಿದೆವು, ಮತ್ತೆ ಕಡಿದೆವು.
ಒಂದು ಅರ್ಧವಿರಾಮಕ್ಕಾಗಿ ಇಬ್ಬರು ಮೂರು ದಿನ ಮಾತು ಬಿಟ್ಟರು.
ಕೊನೆಗೆ ಉಳಿದದ್ದು ಇಷ್ಟು:
ಏಳಕ್ಕೆ ಸೊಂಟಪಟ್ಟಿ ಇರುತ್ತದೆ, ಒಂದಕ್ಕಿಲ್ಲ.
ಕಾವಲುಗಾರನ ತಪ್ಪು ತಿದ್ದಬೇಡಿ, ಅದು ಅವನದು.
ಓದಲಾಗದಿದ್ದರೆ ಓದಲಾಗಲಿಲ್ಲ ಎಂದೇ ಬರೆಯಿರಿ.
ಅದರ ಕೆಳಗೆ ಸೆಲಾಮಾವಿತ್ ಸೇರಿಸಿದಳು:
ಯಾರೂ ಬೈಯುವುದಿಲ್ಲ.

ಅವಳು ಟ್ರೊಮ್ಸೋದ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿ.
ಅಸ್ಮರಾದಿಂದ ಬಂದು ಭಾಷೆ ಕಲಿಯುತ್ತಿದ್ದ ಹೊಸತರಲ್ಲಿ
'ವಿಂಡ್' ಎಂಬುದನ್ನು 'ವೆನ್' ಎಂದು ಓದಿ,
ಗಾಳಿಯ ಜಾಗದಲ್ಲಿ ಗೆಳೆಯನನ್ನು ಕೂರಿಸಿ,
ಮೂವತ್ತೊಂದು ದಿನವೂ ಬರೆದಿದ್ದಳು:
ವಾಯವ್ಯದ ಗೆಳೆಯ, ಜೋರು.
ವಾಯವ್ಯದ ಗೆಳೆಯ, ಸಂಜೆಗೆ ಶಾಂತ.
ಅಂದಿನಿಂದ ಬಿರುಗಾಳಿ ಎದ್ದಾಗಲೆಲ್ಲ ನಾವು
"ಗೆಳೆಯ ಬಂದಿದ್ದಾನೆ, ಬಾಗಿಲು ಭದ್ರ" ಎನ್ನುತ್ತೇವೆ.
ಇದನ್ನೆಲ್ಲ ಅಳಿಸಬೇಕೇ ಹೊಸಬರು ಬರುವ ಮುನ್ನ?
ಒಳಮನೆಯ ನಗೆ ಹೊರಗಿನವರಿಗೆ ಗೋಡೆ, ಅಂದ ಯಾರೋ.
ಮತಕ್ಕೆ ಹಾಕಿದೆವು. ಇಪ್ಪತ್ತು, ಇಪ್ಪತ್ತು.
ಮೂವರು ಮಲಗಿದ್ದರು.

ನನ್ನ ಪಾಲಿನ ಕೆಲಸ: ಹಿಡಿದಿಟ್ಟ ಪುಟಗಳನ್ನು ಬಿಡಿಸುವುದು.
ಮೂವತ್ತು ದಿನ ಮೀರಿ ಯಾರ ಹೆಸರಲ್ಲೂ ಇರಕೂಡದು.
ಒಂದು ಸಿಕ್ಕಿತು, ಎರಡು ವರ್ಷ ನಾಲ್ಕು ತಿಂಗಳ ಹಳೆಯದು,
ರಾಗ್ನ್‌ಫ್ರೀಡ್ ಹೆಸರಲ್ಲಿ. ಎಂಬತ್ತೊಂದರ ಹೆಂಗಸು,
ಒಂದು ದಿನವೂ ತಡಮಾಡಿದವಳಲ್ಲ.
ತೆರೆದು ನೋಡಿದೆ. ಪುಟದ ನಡುವೆ ಕೈಬರಹ ಬದಲು.
ಕಾವಲುಗಾರನ ಹೆಂಡತಿಯದು:
ಅವನು ಬೆಳಿಗ್ಗೆ ಬಲೆ ಎತ್ತಲು ಹೋದ.
ದೀಪ ನಾನೇ ಹಚ್ಚಿದೆ. ಗಾಳಿ
ಆಮೇಲೊಂದು ಪದ, ಶಾಯಿ ಕದಡಿದ್ದು.

ಬರೆದು ಕೇಳಿದೆ. ಒಂದು ಗಂಟೆ ಕಳೆದು ಉತ್ತರ ಬಂತು.
"ಟೈಪು ಮಾಡಿಬಿಟ್ಟರೆ ಅವನು ಬರುವುದೇ ಇಲ್ಲವಲ್ಲ,
ಹಾಗನಿಸಿ ಇಟ್ಟುಕೊಂಡೆ. ಹುಚ್ಚು.
ಬಿಡಿಸು. ಹೊಸಬರ ರಾಶಿಗೆ ಹಾಕು.
ಸುಲಭದವುಗಳ ಮಧ್ಯೆ ಇದೂ ಒಂದು ಇರಲಿ.
ಆ ಪದ ಬೇರೆ ಕಣ್ಣಿಗೆ ಕಂಡೀತು."

ಹನ್ನೆರಡು ದಾಟಿದೆ. ಸುನ್ನೀವ ಇನ್ನೂ ಎದ್ದಿಲ್ಲ.
ಸ್ವಾಗತದ ಮಾತು ಯಂತ್ರವೇ ಹೇಳಲಿ ಎಂದಿದ್ದಳು;
ಮೊದಲ ನೂರು ಮಂದಿಗೆ ನಾನೇ ಬರೆಯುತ್ತೇನೆ ಎಂದು
ಸೆಲಾಮಾವಿತ್ ನಾಳೆಯ ಪಾಳಿ ಬದಲಿಸಿಕೊಂಡಿದ್ದಾಳೆ.
ನಾನು ಗುಂಡಿ ಒತ್ತಿದೆ.
ಪುಟದ ಮೇಲಿಂದ ರಾಗ್ನ್‌ಫ್ರೀಡ್ ಹೆಸರು ಹೋಯಿತು.
ಈಗದು ಯಾರದೂ ಅಲ್ಲ.

ಕಿಟಕಿಯಾಚೆ ಗೆಳೆಯ ದಿಕ್ಕು ಬದಲಿಸಿದ ಸದ್ದು.
ಎದ್ದು ನೋಡಲಿಲ್ಲ ಯಾವ ಕಡೆಗೆಂದು.
ನಾಳೆ ನಮ್ಮದು ಮುಗಿದ ಮೇಲೆ ಹವಾಮಾನ ತಾನೆ,
ಹೇಳುತ್ತಾರೆ.